ರೀಫ್ ಟ್ಯಾಂಕಿನ ಕ್ಯಾನೊಪಿ: ಬಿಸಿ, ಬೆಳಕು, ಗಾಳಿ ಕೈಕೊಟ್ಟರೆ ಎಲ್ಲಿಂದ ಹುಡುಕಬೇಕು

ಮಾರ್ಚ್ ಬಂತು ಅಂದರೆ ರೀಫ್ ಟ್ಯಾಂಕ್ (ಜೀವಂತ ಹವಳ ಸಾಕುವ ಉಪ್ಪು ನೀರಿನ ಅಕ್ವೇರಿಯಂ) ಇಟ್ಟವರ ದೂರುಗಳು ಶುರು. ಮಧ್ಯಾಹ್ನ ಲೈಟ್ ತಾನಾಗಿಯೇ ಆಫ್ ಆಗುತ್ತದೆ. ಸಂಜೆ ಹೊತ್ತಿಗೆ ನೀರು 29 ಡಿಗ್ರಿ ಮುಟ್ಟುತ್ತದೆ. ಆಕ್ರೊಪೊರಾ ಹವಳ ಬಣ್ಣ ಬಿಡುತ್ತದೆ. ಕ್ಯಾನೊಪಿ (ಟ್ಯಾಂಕಿನ ಮೇಲಿನ, ಲೈಟ್ ಇರುವ ಮರದ ಪೆಟ್ಟಿಗೆ) ಬಾಗಿಲು ತೆಗೆದರೆ ಮುಖಕ್ಕೆ ಹಬೆ ಹೊಡೆಯುತ್ತದೆ. ಮೀನು, ಹವಳ, ಲೈಟು, ವೈರಿಂಗ್ ಎಲ್ಲಕ್ಕೂ ಬೇರೆ ಬೇರೆ ಕಾಯಿಲೆ ಬಂದ ಹಾಗೆ ಕಾಣುತ್ತದೆ. ಹೆಚ್ಚಿನ ಸಲ ಮೂಲ ಒಂದೇ: ಆ ಪೆಟ್ಟಿಗೆಯೊಳಗಿನ ಒದ್ದೆ ಬಿಸಿ ಗಾಳಿ ಹೊರಗೆ ಹೋಗುತ್ತಿಲ್ಲ. ಆದರೆ "ಹೆಚ್ಚಿನ ಸಲ" ಅಂದರೆ ಯಾವಾಗಲೂ ಅಂತ ಅಲ್ಲ. ಅದಕ್ಕೇ ಹೊಸ ಲೈಟಿಗೋ, ನೀರು ತಣಿಸುವ ಚಿಲ್ಲರ್ ಯಂತ್ರಕ್ಕೋ ದುಡ್ಡು ಸುರಿಯುವ ಮೊದಲು ಒಂದು ದಿನ ಅಳೆಯುವುದಕ್ಕೆ ಇಡಿ. ಬೇಕಾಗುವುದು ಎರಡು ಥರ್ಮಾಮೀಟರ್, ಒಂದು ಚೂರು ಟೇಪು, ಒಂದು ಪೆನ್ನು.

ಲೆಕ್ಕ ಸುಲಭವಾಗಲಿ ಅಂತ ಇಲ್ಲಿ ನಾಲ್ಕು ಅಡಿ ಉದ್ದದ, ಸಂಪ್ (ಟ್ಯಾಂಕಿನ ಕೆಳಗೆ ಸ್ಟ್ಯಾಂಡಿನೊಳಗಿರುವ, ಪಂಪು, ಹೀಟರ್ ಇಡುವ ಎರಡನೇ ತೊಟ್ಟಿ) ಸೇರಿ ಸುಮಾರು 300 ಲೀಟರ್ ನೀರಿರುವ ಟ್ಯಾಂಕನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ನಿಮ್ಮದು ಚಿಕ್ಕದಾದರೆ ಎಲ್ಲವೂ ಇನ್ನೂ ಬೇಗ ಬಿಸಿಯಾಗುತ್ತದೆ.

ಕೈ ಹಾಕುವ ಮೊದಲು

ಉಪ್ಪು ನೀರು, ಕರೆಂಟು ಎರಡೂ ಒಂದೇ ಪೆಟ್ಟಿಗೆಯಲ್ಲಿವೆ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಿ. ಟ್ಯಾಂಕಿನ ಲೈನಿಗೆ ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್, ಅಂದರೆ 30 ಮಿಲಿಆಂಪಿನ ಆರ್‌ಸಿಸಿಬಿ ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ, ಆಮೇಲೆ ಉಳಿದದ್ದು. ಎಂಸಿಬಿ ಇದೆಯಲ್ಲ ಅಂತ ಕೆಲವರು ಸಮಾಧಾನ ಮಾಡಿಕೊಳ್ಳುತ್ತಾರೆ. ಎಂಸಿಬಿ ಕಾಯುವುದು ವೈರನ್ನು, ನಿಮ್ಮನ್ನಲ್ಲ.

ಹಳೆ ಮೆಟಲ್ ಹಲೈಡ್ ಲೈಟ್ ಇಟ್ಟವರಿಗೆ ಇನ್ನೊಂದು ಮಾತು. ಎರಡೂ ತುದಿಯಲ್ಲಿ ಹೋಲ್ಡರಿಗೆ ಸಿಕ್ಕಿಸುವ ಬಲ್ಬಾಗಿದ್ದರೆ ಅದರ ಮುಂದಿನ ಗಾಜನ್ನು ತೆಗೆದು ಉರಿಸಬೇಡಿ. ಅತಿನೇರಳೆ ಕಿರಣಗಳನ್ನು ತಡೆಯುವುದು ಆ ಗಾಜೇ. ಗಾಳಿ ಚೆನ್ನಾಗಿ ಆಡಲಿ ಅಂತ ಗಾಜು ತೆಗೆದರೆ ಹವಳ ಸುಡುತ್ತದೆ, ನಿಮ್ಮ ಕಣ್ಣಿಗೂ ಏಟು.

ಮೂರು ಜಾಗದ ಬಿಸಿ ಬರೆದಿಡಿ

ನೀರು, ಕ್ಯಾನೊಪಿ ಒಳಗಿನ ಗಾಳಿ, ಕೋಣೆಯ ಗಾಳಿ. ಈ ಮೂರರ ಬಿಸಿಯನ್ನು ದಿನಕ್ಕೆ ಐದು ಸಲ ನೋಡಿ: ಲೈಟ್ ಬರುವ ಮುಂಚೆ, ಬಂದು ಒಂದು ಗಂಟೆ ಆದ ಮೇಲೆ, ಮಧ್ಯಾಹ್ನ, ಲೈಟ್ ಆರುವ ಹೊತ್ತಿಗೆ, ಮಲಗುವ ಮುಂಚೆ. ಕ್ಯಾನೊಪಿ ಒಳಗಿನ ಥರ್ಮಾಮೀಟರಿಗೆ ಲೈಟಿನ ಬೆಳಕು ನೇರವಾಗಿ ಬೀಳಬಾರದು. ಬಿದ್ದರೆ ಅದು ಗಾಳಿಯ ಬಿಸಿ ತೋರಿಸುವುದಿಲ್ಲ, ತನ್ನ ಬಿಸಿಯನ್ನೇ ತೋರಿಸುತ್ತದೆ.

ಥರ್ಮಾಮೀಟರನ್ನೂ ಸುಮ್ನೆ ನಂಬಬೇಡಿ. ಕಡಿಮೆ ಬೆಲೆಯವು ಒಂದು ಡಿಗ್ರಿ ಆಚೀಚೆ ತೋರಿಸುವುದು ಮಾಮೂಲು. ಲೋಟದ ತುಂಬ ಪುಡಿ ಮಾಡಿದ ಐಸ್, ಅದು ನೆನೆಯುವಷ್ಟು ತಣ್ಣೀರು ಹಾಕಿ ಚೆನ್ನಾಗಿ ಕಲಸಿ. ಅದರಲ್ಲಿ ಸೊನ್ನೆ ಡಿಗ್ರಿ ತೋರಿಸಬೇಕು. ಎಷ್ಟು ತಪ್ಪು ತೋರಿಸುತ್ತದೋ ಅಷ್ಟನ್ನು ಮುಂದೆ ಕಳೆಯುತ್ತ ಅಥವಾ ಕೂಡುತ್ತ ಹೋಗಿ.

ಒಂದು ಡಿಗ್ರಿಗೆ ಯಾಕಿಷ್ಟು ತಲೆಕೆಡಿಸಿಕೊಳ್ಳಬೇಕು? ಹವಳ ಬದುಕುವುದೇ ತನ್ನ ಮಿತಿಯ ಅಂಚಿನಲ್ಲಿ. ಸಮುದ್ರದ ನೀರು ಆ ಜಾಗದ ಮಾಮೂಲಿ ಬೇಸಿಗೆಗಿಂತ ಒಂದು ಡಿಗ್ರಿ ಜಾಸ್ತಿಯಾಗಿ ಕೆಲವು ವಾರ ನಿಂತರೆ ಸಾಕು, ಹವಳ ಬಿಳಿಚುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಆದದ್ದು ಇದೇ. ಮನೆಯ ಟ್ಯಾಂಕಿನಲ್ಲಿ 25ರಿಂದ 26 ಡಿಗ್ರಿ ಒಳ್ಳೆಯ ಗುರಿ. 27ರವರೆಗೆ ಚಿಂತೆಯಿಲ್ಲ. ದಿನದೊಳಗೆ ಒಂದು ಡಿಗ್ರಿ ಏರಿಳಿದರೆ ಪರವಾಗಿಲ್ಲ.

ಬರೆದಿಟ್ಟ ಪಟ್ಟಿಯನ್ನು ಓದುವುದು ಹೀಗೆ. ಕ್ಯಾನೊಪಿ ಗಾಳಿ ಕೋಣೆಗಿಂತ ಎರಡು ಮೂರು ಡಿಗ್ರಿ ಮಾತ್ರ ಜಾಸ್ತಿ ಇದ್ದರೆ ಗಾಳಿ ಓಡಾಟ ಚೆನ್ನಾಗಿದೆ ಅಂತ ನಾನು ಬಿಟ್ಟುಬಿಡುತ್ತೇನೆ. ಇನ್ನೊಂದು ಫ್ಯಾನ್ ಹಾಕಿದರೆ ಸದ್ದು ಜಾಸ್ತಿ ಆಗುತ್ತದೆ, ಅಷ್ಟೇ. ಏಳೆಂಟು ಡಿಗ್ರಿ ಜಾಸ್ತಿ ಇದ್ದರೆ ಪೆಟ್ಟಿಗೆ ಉಸಿರಾಡುತ್ತಿಲ್ಲ. ಕ್ಯಾನೊಪಿ ತಣ್ಣಗಿದ್ದೂ ನೀರು ಬಿಸಿ ಇದ್ದರೆ ತಪ್ಪು ಮೇಲಿಲ್ಲ, ಕೆಳಗಿದೆ.

ಮೇಲಿನ ಬಿಸಿಯೋ, ಕೆಳಗಿನ ಬಿಸಿಯೋ

ಕೆಳಗಿನದನ್ನು ಮೊದಲು ನೋಡಿ. ಯಾಕೆಂದರೆ ಅದು ಐದು ನಿಮಿಷದ ಕೆಲಸ, ಮತ್ತು ಎಲ್ಲಕ್ಕಿಂತ ಅಪಾಯದ ದೋಷ ಅಲ್ಲೇ ಇರುತ್ತದೆ: ಒಳಗಿನ ಸ್ವಿಚ್ ಅಂಟಿಕೊಂಡು ಆಫೇ ಆಗದ ಹೀಟರ್. ಬೆಂಗಳೂರಿನಲ್ಲಿ ಡಿಸೆಂಬರ್, ಜನವರಿ ರಾತ್ರಿಗಳಿಗಾಗಿ ಹೀಟರ್ ಹಾಕಿರುತ್ತೇವೆ. ಏಪ್ರಿಲ್ ಬಂದರೂ ಪ್ಲಗ್ ಕಿತ್ತಿರುವುದಿಲ್ಲ. ಈಗ ಕಿತ್ತು ನೋಡಿ. ಮರುದಿನ ಬೆಳಗ್ಗೆ ನೀರಿನ ಬಿಸಿ ಗಣನೀಯವಾಗಿ ಇಳಿದಿದ್ದರೆ ಕಳ್ಳ ಸಿಕ್ಕಿದ.

ಅದರ ಅಣ್ಣತಮ್ಮ ಇನ್ನೊಂದು ದೋಷ ಇದೆ. ಎಸ್‌ಟಿಸಿ-1000 ಥರದ, ನೀರಿನ ಬಿಸಿ ನೋಡಿ ಆನ್, ಆಫ್ ಮಾಡುವ ಕಂಟ್ರೋಲರಿಗೆ ಹೀಟರ್, ಫ್ಯಾನ್ ಎರಡನ್ನೂ ಕೊಟ್ಟಿರುತ್ತಾರೆ. ಅದರ ಸೆನ್ಸರ್ ವೈರು ನೀರಿನಿಂದ ಜಾರಿ ಸಂಪಿನ ಹೊರಗೆ ನೇತಾಡುತ್ತಿದ್ದರೆ ಅದು ಅಳೆಯುವುದು ಗಾಳಿಯನ್ನು. ಚಳಿಯ ರಾತ್ರಿಯ 20 ಡಿಗ್ರಿ ಗಾಳಿಯನ್ನು ನೀರು ಅಂದುಕೊಂಡು ಹೀಟರನ್ನು ಬೆಳಗಿನವರೆಗೂ ಉರಿಸುತ್ತದೆ. ಸೆನ್ಸರನ್ನು ಸಂಪಿನ ಗೋಡೆಗೆ ಕ್ಲಿಪ್ ಹಾಕಿ ಬಿಗಿ ಮಾಡಿ. ನೀರಿನ ಮಟ್ಟ ಇಳಿದರೂ ಅದು ಮುಳುಗಿಯೇ ಇರಬೇಕು.

ಇದೇ ಕಂಟ್ರೋಲರಿನಲ್ಲಿ ಬಿಸಿ ಏರಿದರೂ ಫ್ಯಾನ್ ಕೂಡಲೇ ತಿರುಗದಿದ್ದರೆ ಅದು ಕೆಟ್ಟಿದೆ ಅಂತ ಗಾಬರಿ ಬೇಡ. ಈ ಕಂಟ್ರೋಲರನ್ನು ಮಾಡಿರುವುದು ಫ್ರಿಜ್ಜಿನಂಥ ಕಂಪ್ರೆಸರ್ ನಡೆಸಲು. ಕಂಪ್ರೆಸರಿಗೆ ಏಟಾಗದಿರಲಿ ಅಂತ ಕೂಲಿಂಗ್ ಕಡೆಗೆ ಕೆಲವು ನಿಮಿಷ ಕಾಯುವ ಸೆಟ್ಟಿಂಗ್ ಕೊಟ್ಟಿದ್ದಾರೆ. ಅದರ ಎಫ್3 ಅನ್ನುವ ಸೆಟ್ಟಿಂಗಿನಲ್ಲಿ ಈ ಸಮಯವನ್ನು ಕಡಿಮೆ ಮಾಡಬಹುದು.

ಹೀಟರ್ ಸರಿ ಇದ್ದರೆ ಪಟ್ಟಿಯ ಆಕಾರ ನೋಡಿ. ಹಗಲೂ ರಾತ್ರಿಯೂ ನೀರು ಕೋಣೆಗಿಂತ ಮೇಲೆಯೇ ನಿಂತಿದ್ದರೆ ಪಂಪ್‌ಗಳ ಮೇಲೆ ಅನುಮಾನ. ಸಂಪಿನ ನೀರನ್ನು ಟ್ಯಾಂಕಿಗೆ ಏರಿಸುವ ರಿಟರ್ನ್ ಪಂಪ್, ಕೊಳೆ ತೆಗೆಯುವ ಸ್ಕಿಮ್ಮರ್ ಪಂಪ್, ನೀರು ಕಲಕುವ ವೇವ್‌ಮೇಕರ್ ಎಲ್ಲವೂ ನೀರಿನೊಳಗಿದ್ದರೆ ಅವು ತಿನ್ನುವ ಕರೆಂಟೆಲ್ಲ ಕೊನೆಗೆ ನೀರಿನ ಬಿಸಿಯೇ ಆಗುತ್ತದೆ. ಕೋಣೆ ಏರಿದಾಗ ಏರಿ, ಇಳಿದಾಗ ಇಳಿದರೆ ಕೋಣೆಯೇ ಕಾರಣ. ಪಶ್ಚಿಮದ ಕಿಟಕಿಗೆ ದಪ್ಪ ಪರದೆ ಹಾಕಿದರೆ ಅರ್ಧ ಕೆಲಸ ಮುಗಿಯುತ್ತದೆ. ಲೈಟ್ ಬಂದಾಗಿನಿಂದ ಮೆಲ್ಲಗೆ ಏರುತ್ತ, ಆರಿದ ಮೇಲೆ ಇಳಿಯಲು ಶುರುವಾದರೆ ಆಗ ಕ್ಯಾನೊಪಿ.

ಇಲ್ಲಿ ಒಂದು ಎಚ್ಚರ. ನೀರು ನಿಧಾನದ ಪ್ರಾಣಿ. 300 ಲೀಟರ್ ಉಪ್ಪು ನೀರನ್ನು ಒಂದು ಡಿಗ್ರಿ ಏರಿಸಲು 100 ವಾಟ್ ಶಾಖಕ್ಕೆ ಸುಮಾರು ಮೂರೂವರೆ ಗಂಟೆ ಬೇಕು. ಹಾಗಾಗಿ ಬಿಸಿಯ ತುದಿ ಕಾಣುವುದು ಸಂಜೆ, ಲೈಟ್ ಆರುವ ಹೊತ್ತಿಗೆ. ಮಧ್ಯಾಹ್ನ 12ಕ್ಕೆ ನೋಡಿ "ಸರಿ ಇದೆ" ಅಂತ ಹೊರಟವರು ಸಂಜೆ ಆರರ ನೀರನ್ನು ನೋಡಿರುವುದೇ ಇಲ್ಲ.

ಫ್ಯಾನ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಕ್ಯಾನೊಪಿ ಫ್ಯಾನ್ ಬಗ್ಗೆ ಇರುವ ದೊಡ್ಡ ತಪ್ಪು ತಿಳಿವಳಿಕೆ ಅಂದರೆ ಅದು ತಣ್ಣನೆ ಗಾಳಿ ಊದಿ ನೀರನ್ನು ತಣಿಸುತ್ತದೆ ಅನ್ನುವುದು. ಕೋಣೆಯ ಗಾಳಿಯೇ 33 ಡಿಗ್ರಿ ಇರುವಾಗ ಅದು 26 ಡಿಗ್ರಿ ನೀರನ್ನು ಹೇಗೆ ತಣಿಸೀತು? ತಣಿಸುವುದು ಆವಿ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,430 ಕಿಲೋಜೂಲ್ ಶಾಖ ಬೇಕು. ಅದರಲ್ಲಿ ಹೆಚ್ಚಿನ ಪಾಲನ್ನು ಅದು ಉಳಿದ ನೀರಿನಿಂದಲೇ ಎಳೆದುಕೊಳ್ಳುತ್ತದೆ. ದಿನಕ್ಕೆ ಒಂದು ಲೀಟರ್ ಆವಿಯಾದರೆ ಹಗಲೂ ರಾತ್ರಿ ಸರಾಸರಿ 28 ವಾಟ್ ಬಿಸಿ ಹೊರಗೆ ಹೋದ ಹಾಗೆ. ನಾಲ್ಕು ಲೀಟರ್ ಆದರೆ 110 ವಾಟಿನ ಆಸುಪಾಸು. ಸಣ್ಣ ಮೊತ್ತ ಅಲ್ಲ ಇದು, ಅಲ್ವಾ? ಆ ಫ್ಯಾನ್ ತಿನ್ನುವುದು ಎರಡು ಮೂರು ವಾಟ್ ಮಾತ್ರ.

ಇದರಿಂದ ತುಂಬ ಒಳ್ಳೆಯ ಪರೀಕ್ಷೆಯೊಂದು ಸಿಗುತ್ತದೆ. ಸಂಪಿನ ರಿಟರ್ನ್ ಪಂಪ್ ಇರುವ ಭಾಗದಲ್ಲಿ ನೀರಿನ ಮಟ್ಟಕ್ಕೆ ಸರಿಯಾಗಿ ಟೇಪ್ ಅಂಟಿಸಿ. ಆವಿಯಾದಷ್ಟು ನೀರನ್ನು ತಾನೇ ತುಂಬುವ ಆಟೋ ಟಾಪ್ ಅಪ್ ಇದ್ದರೆ ಒಂದು ದಿನ ಆಫ್ ಮಾಡಿ. ಆದರೆ ಪಂಪ್ ಒಣಗದ ಹಾಗೆ ಕಣ್ಣಿಡಿ. ಮರುದಿನ ಅದೇ ಹೊತ್ತಿಗೆ ಟೇಪಿನವರೆಗೆ ಬರಲು ಎಷ್ಟು ಲೀಟರ್ ಆರ್‌ಒ ನೀರು ಹೊಯ್ಯಬೇಕಾಯಿತು ಅಂತ ಅಳೆಯಿರಿ. ಫ್ಯಾನ್ ಆಫ್ ಇದ್ದ ದಿನ ಒಂದು ಲೆಕ್ಕ, ಆನ್ ಇದ್ದ ದಿನ ಇನ್ನೊಂದು. ಎರಡೂ ಹೆಚ್ಚುಕಡಿಮೆ ಒಂದೇ ಬಂದರೆ ನಿಮ್ಮ ಫ್ಯಾನ್ ತಿರುಗುತ್ತಿದೆ, ಕೆಲಸ ಮಾಡುತ್ತಿಲ್ಲ. ಪೆಟ್ಟಿಗೆಯೊಳಗಿನ ಅದೇ ಒದ್ದೆ ಗಾಳಿಯನ್ನು ಸುತ್ತಿಸುತ್ತಿದೆ.

ಆವಿಗೂ ಒಂದು ಮಿತಿ ಇದೆ, ಮತ್ತು ಅದು ಊರಿನಿಂದ ಊರಿಗೆ ಬೇರೆ. ಮಣ್ಣಿನ ಮಡಕೆ ಬಳಸಿದವರಿಗೆ ಇದು ಗೊತ್ತು: ಕಲಬುರಗಿಯ ಬೇಸಿಗೆಯಲ್ಲಿ ಮಡಕೆ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರುತ್ತದೆ, ಮಂಗಳೂರಿನಲ್ಲಿ ಅಷ್ಟು ಆಗುವುದಿಲ್ಲ. ಟ್ಯಾಂಕಿಗೂ ಅದೇ ನಿಯಮ. ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನ ಗಾಳಿ 34 ಡಿಗ್ರಿ, ತೇವಾಂಶ 30 ಪ್ರತಿಶತ ಇದ್ದರೆ ಆವಿಯ ದಾರಿಯಲ್ಲಿ ನೀರನ್ನು ಲೆಕ್ಕದ ಪ್ರಕಾರ 21, 22 ಡಿಗ್ರಿವರೆಗೆ ಇಳಿಸಬಹುದು. ಲೈಟು, ಪಂಪುಗಳ ಬಿಸಿ ಸೇರಿ ನಿಜದಲ್ಲಿ ಅಷ್ಟು ಇಳಿಯುವುದಿಲ್ಲ. ಆದರೂ 26ರಲ್ಲಿ ನಿಲ್ಲಿಸಲು ಬೇಕಾದಷ್ಟು ಅವಕಾಶ ಇದೆ. ಮಂಗಳೂರಿನ ಮೇ ತಿಂಗಳಲ್ಲಿ 33 ಡಿಗ್ರಿ, 70 ಪ್ರತಿಶತ ತೇವಾಂಶ ಅಂದುಕೊಳ್ಳಿ. ಆಗ ಆ ಮಿತಿಯೇ 28 ಡಿಗ್ರಿಯ ಮೇಲಿದೆ. ಎಷ್ಟು ಫ್ಯಾನ್ ಹಾಕಿದರೂ ಅದರ ಕೆಳಗೆ ಇಳಿಸಲಾಗದು. ಕರಾವಳಿಯವರು ಬೆಂಗಳೂರಿನ ಗೆಳೆಯರ ಕ್ಯಾನೊಪಿ ನೋಡಿ ನಾಲ್ಕು ಫ್ಯಾನ್ ಕಟ್ಟಿಕೊಂಡು ಬೇಸರಪಡುವುದು ಇದಕ್ಕೇ. ಅಲ್ಲಿ ಫ್ಯಾನಿನ ಕೆಲಸ ಲೈಟನ್ನು ಉಳಿಸುವುದು. ನೀರನ್ನು ಉಳಿಸಲು ಎಸಿ ಅಥವಾ ಚಿಲ್ಲರ್ ಬೇಕು.

ಬೆಂಗಳೂರಿನವರೂ ತೀರಾ ಬೀಗಬೇಡಿ. 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ದಾಖಲಾಗಿತ್ತು. ಮೇಲಿನ ಮಹಡಿಯ, ಆರ್‌ಸಿಸಿ ತಾರಸಿಯ ಕೆಳಗಿನ ಮನೆಯಲ್ಲಿ ಟ್ಯಾಂಕ್ ಇದ್ದರೆ ಅಂಥ ವಾರಗಳಿಗೆ ಬೇರೆ ಏರ್ಪಾಡು ಯೋಚಿಸಿಟ್ಟಿರಬೇಕು.

ಗಾಳಿ ಎಲ್ಲಿ ಸಿಕ್ಕಿಕೊಂಡಿದೆ

ಫ್ಯಾನ್ ತಿರುಗುತ್ತಿದೆ, ಆವಿ ಆಗುತ್ತಿಲ್ಲ ಅಂತ ಗೊತ್ತಾದರೆ ಗಾಳಿಯ ದಾರಿ ಹುಡುಕಿ. ಊದುಬತ್ತಿ ಹಿಡಿದು ನೋಡೋಣ ಅನಿಸುತ್ತದೆ, ಬೇಡ, ಹೊಗೆ ನೀರಿಗೇ ಸೇರುತ್ತದೆ. ಟಿಶ್ಯೂ ಪೇಪರಿನ ಒಂದು ತೆಳು ಪಟ್ಟಿ ಸಾಕು. ಕ್ಯಾನೊಪಿಯ ಪ್ರತಿ ತೂತಿನ ಮುಂದೆ ಹಿಡಿಯಿರಿ. ಎಲ್ಲಿ ಒಳಕ್ಕೆ ಎಳೆಯುತ್ತದೆ, ಎಲ್ಲಿ ಹೊರಕ್ಕೆ ತಳ್ಳುತ್ತದೆ ಅಂತ ಸೀಸದ ಕಡ್ಡಿಯಲ್ಲಿ ಮರದ ಮೇಲೇ ಬಾಣ ಹಾಕಿ.

ಸಾಮಾನ್ಯವಾಗಿ ಸಿಗುವ ಎಡವಟ್ಟುಗಳು ಇವು. ಎರಡೂ ಫ್ಯಾನ್ ಒಳಕ್ಕೆ ಊದುತ್ತಿರುತ್ತವೆ, ಹೊರಗೆ ಹೋಗಲು ದಾರಿಯೇ ಇಲ್ಲ. ಅಥವಾ ಒಳಬರುವ ತೂತು, ಹೊರಹೋಗುವ ತೂತು ಪಕ್ಕಪಕ್ಕದಲ್ಲಿವೆ, ಗಾಳಿ ಅಲ್ಲಿಂದಲ್ಲಿಗೆ ತಿರುಗಿ ಹೋಗುತ್ತದೆ, ಇನ್ನೊಂದು ತುದಿಯ ಮೂರಡಿ ಹಾಗೇ ಬೇಯುತ್ತದೆ. ಅಥವಾ ಹಿಂದೆ ತೆರೆದ ಕ್ಯಾನೊಪಿಯನ್ನು ಗೋಡೆಗೆ ಒತ್ತರಿಸಿ ಇಟ್ಟಿದ್ದಾರೆ. ಫ್ಯಾನ್ ಯಾವ ಕಡೆ ಊದುತ್ತದೆ ಅಂತ ಅದರ ಚೌಕಟ್ಟಿನ ಮೇಲೆ ಬಾಣ ಇರುತ್ತದೆ. ಇಲ್ಲದಿದ್ದರೆ ಮೋಟಾರನ್ನು ಹಿಡಿದಿರುವ ಕಡ್ಡಿಗಳು ಇರುವ ಕಡೆಯಿಂದ ಗಾಳಿ ಹೊರಬರುತ್ತದೆ.

ನನಗೆ ಒಪ್ಪಿಗೆಯಾದ ಜೋಡಣೆ ಇದು: ಒಂದು ತುದಿಯಲ್ಲಿ, ತಗ್ಗಿನಲ್ಲಿ, 120 ಮಿಲಿಮೀಟರಿನ 12 ವೋಲ್ಟ್ ಫ್ಯಾನ್ ನೀರಿನ ಮೇಲ್ಮೈಯನ್ನು ಸವರುವ ಹಾಗೆ ಓರೆಯಾಗಿ ಊದಬೇಕು. ಎದುರು ತುದಿಯಲ್ಲಿ, ಹಿಂಭಾಗದಲ್ಲಿ, ಎತ್ತರದಲ್ಲಿ ಹೊರಹೋಗುವ ದಾರಿ ಇರಬೇಕು. ಬಿಸಿ ಗಾಳಿ ತಾನಾಗಿಯೇ ಮೇಲೇರುತ್ತದೆ, ಅದರ ಜೊತೆ ಜಗಳ ಬೇಡ. ಹೊರದಾರಿಯ ತೆರಪು ಒಳದಾರಿಗಿಂತ ಕಡಿಮೆ ಇರಬಾರದು. 120 ಮಿಲಿಮೀಟರ್ ತೂತು ಅಂದರೆ ಸುಮಾರು 113 ಚದರ ಸೆಂಟಿಮೀಟರ್. ಅಂದಕ್ಕೆ ಅಂತ ಬಡಗಿ ಕೊರೆದ ನಾಲ್ಕು ಸಣ್ಣ ತೂತುಗಳ ಜಾಲಿ ಅದರ ಕಾಲು ಭಾಗವೂ ಇರುವುದಿಲ್ಲ. ಹೊರದಾರಿಗೂ ಫ್ಯಾನ್ ಹಾಕುವುದಾದರೆ ಅದೇ ಮೊದಲು ಸಾಯುತ್ತದೆ ಅಂತ ತಿಳಿದೇ ಹಾಕಿ. ಒದ್ದೆ, ಉಪ್ಪಿನ ಗಾಳಿಯೆಲ್ಲ ಹಾದುಹೋಗುವುದು ಅದರ ಮೂಲಕ.

ಸಾಯುವ ಫ್ಯಾನಿನ ಲಕ್ಷಣ ಮೊದಲು ಕಿವಿಗೆ ಬೀಳುತ್ತದೆ. ಪ್ಲಗ್ ಕಿತ್ತು ಬೆರಳಲ್ಲಿ ತಿರುಗಿಸಿ. ಹಗುರವಾಗಿ ತಿರುಗಿ ನಿಲ್ಲಬೇಕು. ತಡೆದು ತಡೆದು ನಿಂತರೆ ಬೇರಿಂಗ್ ಹೋಗಿದೆ. ಹಗುರವಾಗಿದ್ದೂ ತಿರುಗದಿದ್ದರೆ ಅಡಾಪ್ಟರಿನ ತುದಿಯಲ್ಲಿ ಮಲ್ಟಿಮೀಟರ್ ಇಟ್ಟು 12 ವೋಲ್ಟ್ ಬರುತ್ತಿದೆಯಾ ನೋಡಿ. ಸದ್ದು ಕಡಿಮೆಯಾಗಲಿ ಅಂತ ವೋಲ್ಟೇಜ್ ಇಳಿಸಿದ ಫ್ಯಾನ್ ಒಮ್ಮೆ ಕರೆಂಟ್ ಹೋಗಿ ಬಂದ ಮೇಲೆ ಮತ್ತೆ ಹೊರಡದೇ ಇರಬಹುದು. ತಿರುಗುತ್ತ ಇರಲು ಸಾಕಾಗುವ ವೋಲ್ಟೇಜ್ ಹೊರಡಲು ಸಾಲುವುದಿಲ್ಲ.

ಇನ್ನೊಂದು, ಫ್ಯಾನನ್ನು ಲೈಟಿನ ಟೈಮರಿಗೇ ಕಟ್ಟಿದ್ದರೆ ಬಿಡಿಸಿ. ಮೇಲೆ ಹೇಳಿದ ಹಾಗೆ ನೀರು ಅತಿ ಬಿಸಿ ಇರುವುದು ಲೈಟ್ ಆರುವ ಹೊತ್ತಿಗೆ. ಆಗಲೇ ಫ್ಯಾನೂ ನಿಂತರೆ ಹಬೆಯೆಲ್ಲ ತಣ್ಣಗಾದ ಲೈಟಿನ ಮೇಲೆ ಹನಿಯಾಗಿ ಕೂರುತ್ತದೆ. ಇನ್ನೂ ಒಂದೆರಡು ಗಂಟೆ ಓಡಲಿ.

ನೀರಿನ ಮೇಲೆ ಗಾಜಿನ ಮುಚ್ಚಳ ಇದ್ದರೆ ಮೇಲಿನ ಪ್ರಯತ್ನವೆಲ್ಲ ವ್ಯರ್ಥ. ಆವಿ ಏಳುವುದಿಲ್ಲ, ಗಾಜಿನ ಮೇಲೆ ಉಪ್ಪಿನ ಪೊರೆ ಕಟ್ಟಿ ಬೆಳಕೂ ಕಮ್ಮಿ, ಗಾಳಿ ಆಡದೆ ಪಿಎಚ್ ಕೂಡ ಇಳಿಯಬಹುದು. ರ‍್ಯಾಸ್ ಥರದ, ನೀರಿನಿಂದ ಹೊರಗೆ ಜಿಗಿಯುವ ಮೀನು ಇದೆ ಅಂತ ಮುಚ್ಚಿದ್ದರೆ ಗಾಜಿನ ಬದಲು ಬಲೆ ಹಾಕಿ.

ಲೈಟಿನದೇ ತಪ್ಪಾದಾಗ

ಎಲ್‌ಇಡಿ ಮಧ್ಯಾಹ್ನ ಪೂರ್ತಿ ಆಫ್ ಆಗಿ, ಸ್ವಲ್ಪ ಹೊತ್ತಿಗೆ ತಾನೇ ಬರುತ್ತದೆ, ಮತ್ತೆ ಹೋಗುತ್ತದೆ ಅಂದರೆ ಅದು ಬಿಸಿ ತಡೆಯಲಾಗದೆ ತನ್ನನ್ನು ತಾನು ಉಳಿಸಿಕೊಳ್ಳುತ್ತಿದೆ. ಕೆಲವು ಲೈಟುಗಳು ಆಫ್ ಆಗುವ ಬದಲು ಮಂಕಾಗುತ್ತವೆ. ಪರೀಕ್ಷೆ ಸುಲಭ: ಕ್ಯಾನೊಪಿ ಬಾಗಿಲು ತೆರೆದಿಟ್ಟು, ಹೊರಗಿನಿಂದ ಟೇಬಲ್ ಫ್ಯಾನ್ ಲೈಟಿನ ಕಡೆ ತಿರುಗಿಸಿ. ಆ ದಿನ ಆಫ್ ಆಗದಿದ್ದರೆ ಲೈಟ್ ಚೆನ್ನಾಗಿದೆ, ಅದರ ಸುತ್ತಲಿನ ಗಾಳಿ ಕೆಟ್ಟಿದೆ. ಆದರೂ ಆಫ್ ಆದರೆ ಲೈಟಿನೊಳಗಿನ ಪುಟ್ಟ ಫ್ಯಾನ್ ನೋಡಿ. ಹೀಟ್ ಸಿಂಕಿನ ಸಂದಿಗಳಲ್ಲಿ ಉಪ್ಪು, ದೂಳು ಸೇರಿ ಗಟ್ಟಿಯಾಗಿರುತ್ತದೆ. ಒಣ ಬ್ರಶ್ಶಿನಿಂದ ಉದುರಿಸಿ, ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ. ಇದನ್ನು ಟ್ಯಾಂಕಿನ ಮೇಲೆ ಮಾಡಬೇಡಿ, ಇಳಿಸಿ ಮಾಡಿ.

ಈ ಲೈಟುಗಳಲ್ಲಿ ಹಲವು ಮೇಲಿನಿಂದ ಗಾಳಿ ಎಳೆದುಕೊಳ್ಳುತ್ತವೆ. ಬಯಲಲ್ಲಿ ತೂಗಿಬಿಡಲು ಮಾಡಿದ ವಿನ್ಯಾಸ ಅದು. ಕ್ಯಾನೊಪಿ ಚಾವಣಿಗೆ ಅಂಟಿಸಿದರೆ ಮೂಗು ಮುಚ್ಚಿದ ಹಾಗೆ. ಮೇಲೆ ಕನಿಷ್ಠ ನಾಲ್ಕು ಇಂಚು ಜಾಗ ಬಿಡಿ, ಅಥವಾ ಲೈಟಿನ ನೇರಕ್ಕೆ ಚಾವಣಿಯಲ್ಲೇ ತೆರಪು ಕೊಯ್ಸಿ. ಅಂದ ಸ್ವಲ್ಪ ಕೆಡುತ್ತದೆ, ಕೆಡಲಿ.

ಒಂದೇ ಬಣ್ಣದ ಸಾಲು ಪೂರ್ತಿ ಹೋಗಿದ್ದರೆ ಅದು ಬಿಸಿಯ ದೋಷ ಇರಲಿಕ್ಕಿಲ್ಲ. ಒಂದು ಸಾಲಿನ ಎಲ್‌ಇಡಿಗಳು ಒಂದರ ಹಿಂದೊಂದು ಜೋಡಿಸಿರುತ್ತವೆ. ಒಂದು ಕಿತ್ತುಹೋದರೂ ಸಾಲೆಲ್ಲ ಆರುತ್ತದೆ. ಆ ಸಾಲಿಗೆ ಕರೆಂಟ್ ಒದಗಿಸುವ ಡ್ರೈವರ್ ಕೆಟ್ಟಿದ್ದರೂ ಹಾಗೇ ಕಾಣುತ್ತದೆ. ಎರಡು ಸಾಲುಗಳ ಡ್ರೈವರ್ ಒಂದೇ ಥರದ್ದಾಗಿದ್ದರೆ ಅದಲುಬದಲು ಮಾಡಿ ನೋಡಿದರೆ ತಿಳಿಯುತ್ತದೆ. ಮಿನುಗುವುದಾದರೆ ಮೊದಲು ಕನೆಕ್ಟರ್ ಬಿಚ್ಚಿ. ಹಸಿರು ಕಿಲುಬು ಕಾಣಿಸಿದರೆ ಅಲ್ಲೇ ಉತ್ತರ.

ಟಿ5 ಅನ್ನುವ ತೆಳು ಟ್ಯೂಬ್ ಲೈಟುಗಳ ಕತೆ ಬೇರೆ. ಅವು ಸುತ್ತಲಿನ ಗಾಳಿ 35 ಡಿಗ್ರಿಯ ಆಸುಪಾಸಿನಲ್ಲಿರುವಾಗ ಅತಿ ಹೆಚ್ಚು ಬೆಳಕು ಕೊಡುತ್ತವೆ. ಅದಕ್ಕಿಂತ ಜಾಸ್ತಿ ಬಿಸಿಯಾದರೂ, ತೀರಾ ತಣ್ಣಗಾದರೂ ಬೆಳಕು ಇಳಿಯುತ್ತದೆ. 54 ವಾಟಿನ ನಾಲ್ಕು ಟ್ಯೂಬ್ ಮುಚ್ಚಿದ ಪೆಟ್ಟಿಗೆಯಲ್ಲಿ ಉರಿದರೆ 35 ಎಲ್ಲಿ ನಿಲ್ಲುತ್ತದೆ? ಹಾಗಂತ ಫ್ಯಾನನ್ನು ನೇರವಾಗಿ ಟ್ಯೂಬಿನ ಮೈಗೆ ಊದಿಸುವುದೂ ತಪ್ಪು. ಒಂದು ಟ್ಯೂಬ್ ಹತ್ತದಿದ್ದರೆ ಪಕ್ಕದ್ದರ ಜೊತೆ ಬದಲಿಸಿ. ದೋಷ ಟ್ಯೂಬಿನ ಜೊತೆ ಹೋದರೆ ಟ್ಯೂಬ್ ಕೆಟ್ಟಿದೆ, ಜಾಗದಲ್ಲೇ ಉಳಿದರೆ ಹೋಲ್ಡರ್ ಅಥವಾ ಚೋಕ್. ಉರಿಯುತ್ತಿದ್ದರೂ ಒಂಬತ್ತರಿಂದ ಹನ್ನೆರಡು ತಿಂಗಳಿಗೆ ಟ್ಯೂಬ್ ಬದಲಿಸಬೇಕು, ಕಣ್ಣಿಗೆ ಕಾಣದ ಹಾಗೆ ಬೆಳಕು ಇಳಿದಿರುತ್ತದೆ.

ಮೆಟಲ್ ಹಲೈಡ್ ಕರೆಂಟ್ ಹೋಗಿ ಬಂದ ಮೇಲೆ ಹತ್ತದಿದ್ದರೆ ಹತ್ತು ಹದಿನೈದು ನಿಮಿಷ ಕಾಯಿರಿ. ಬಿಸಿ ಬಲ್ಬ್ ತಣ್ಣಗಾಗದೆ ಮತ್ತೆ ಹತ್ತುವುದಿಲ್ಲ. ಅದು ದೋಷವೇ ಅಲ್ಲ.

ಹವಳ ಬಿಳಿಚಿದ್ದು ಬಿಸಿಗೋ ಬೆಳಕಿಗೋ

ಬಿಳಿಚುವುದು ಅಂದರೆ ಹವಳದ ಮೈಯೊಳಗಿನ ಪಾಚಿ ಹೊರಬಿದ್ದು ಒಳಗಿನ ಸುಣ್ಣದ ಬಿಳುಪು ಕಾಣುವುದು. ಎಲ್ಲಿ ಬಿಳಿಚಿದೆ ಅನ್ನುವುದೇ ಸುಳಿವು. ಲೈಟಿಗೆ ಎದುರಾಗಿರುವ ಭಾಗ ಮಾತ್ರ ಬಿಳಿಚಿ, ಕೆಳಗಿನ ನೆರಳಿನ ಭಾಗ ಬಣ್ಣ ಉಳಿಸಿಕೊಂಡಿದ್ದರೆ ಬೆಳಕು ಜಾಸ್ತಿ. ನೆರಳಿನ ಭಾಗವೂ, ಟ್ಯಾಂಕಿನ ತಳದಲ್ಲಿರುವ ಬೇರೆ ಹವಳಗಳೂ ಒಟ್ಟಿಗೆ ಮಾಸಿದ್ದರೆ ಬಿಸಿಯನ್ನು ಅನುಮಾನಿಸಿ. ಬಿಳಿಚುವ ಬದಲು ಕಂದು ಬಣ್ಣಕ್ಕೆ ತಿರುಗಿದ್ದರೆ ಬೆಳಕು ಸಾಲದು, ಅಥವಾ ನೀರಿನಲ್ಲಿ ನೈಟ್ರೇಟ್, ಫಾಸ್ಫೇಟ್ ಜಾಸ್ತಿ.

ಇದರಲ್ಲಿ ಒಂದು ಬಲೆ ಇದೆ. ವರ್ಷದಿಂದ ಉಪ್ಪು ಮೆತ್ತಿದ ಲೈಟಿನ ಗಾಜನ್ನು ಒಂದು ಭಾನುವಾರ ಉಜ್ಜಿ ಫಳಫಳ ಮಾಡುತ್ತೀರಿ. ಮಂದ ಬೆಳಕಿಗೆ ಹೊಂದಿಕೊಂಡಿದ್ದ ಹವಳಕ್ಕೆ ಸೋಮವಾರದಿಂದ ಹೊಸ ಸೂರ್ಯ. ಹೊಸ ಟ್ಯೂಬ್ ಹಾಕಿದಾಗಲೂ ಹೀಗೇ. ಗಾಜು ಒರೆಸಿದ ದಿನ ಲೈಟನ್ನು ಒಂದಿಷ್ಟು ಇಳಿಸಿ, ಎರಡು ಮೂರು ವಾರದಲ್ಲಿ ಮೆಲ್ಲಗೆ ಏರಿಸಿ. ಹವಳದ ಪಾಚಿಗೆ ಉಪಯೋಗವಾಗುವ ಬೆಳಕನ್ನು ಅಳೆಯುವ ಪಾರ್ ಮೀಟರ್ ಸಿಕ್ಕಿದರೆ ಒಳ್ಳೆಯದು. ಮೃದು ಹವಳಗಳಿಗೆ 50ರಿಂದ 150, ಆಕ್ರೊಪೊರಾದಂಥವಕ್ಕೆ 200ರಿಂದ 400 ಅನ್ನುವುದು ಹವ್ಯಾಸಿಗಳು ಇಟ್ಟುಕೊಳ್ಳುವ ಅಂದಾಜು. ಮೀಟರ್ ಇಲ್ಲದವರು ಮೊಬೈಲಿನ ಲಕ್ಸ್ ಆ್ಯಪ್ ಬಳಸಬಹುದು, ಒರೆಸುವ ಮುಂಚೆ ಮತ್ತು ನಂತರ ಒಂದೇ ಜಾಗದಲ್ಲಿ ಹೋಲಿಸಿ ನೋಡಲು ಮಾತ್ರ. ನೀಲಿ ಬೆಳಕಿನಲ್ಲಿ ಅದು ತೋರಿಸುವ ಅಂಕಿಗೆ ಬೇರೆ ಅರ್ಥ ಇಲ್ಲ.

ಆರ್‌ಸಿಸಿಬಿ ಸುಮ್ಮಸುಮ್ಮನೆ ಬೀಳುತ್ತಿದ್ದರೆ

ಸುಮ್ಮಸುಮ್ಮನೆ ಬೀಳುವುದಿಲ್ಲ. ಯಾವ ಹೊತ್ತಿಗೆ ಬೀಳುತ್ತದೆ ಅಂತ ಬರೆದಿಡಿ. ಮಳೆಗಾಲದ ಸಂಜೆ, ರಾತ್ರಿ ಬೀಳುತ್ತಿದ್ದು ಒಣ ಹಗಲಿನಲ್ಲಿ ಸುಮ್ಮನಿದ್ದರೆ ಅಪರಾಧಿ ಉಪ್ಪು. ಅಡುಗೆ ಉಪ್ಪು ಗಾಳಿಯ ತೇವ 75 ಪ್ರತಿಶತ ದಾಟಿದರೆ ನೀರಾಗುತ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಇರುವುದರಿಂದ ಇನ್ನೂ ಬೇಗ ತೇವ ಎಳೆಯುತ್ತದೆ. ಟ್ಯೂಬ್ ಹೋಲ್ಡರ್ ಮೇಲೆ, ಎಕ್ಸ್‌ಟೆನ್ಶನ್ ಬಾಕ್ಸಿನ ಮೇಲೆ ಬೆಳ್ಳಗೆ ಕೂತ ಪೊರೆ ಒಣಗಿದ್ದಾಗ ತೊಂದರೆ ಕೊಡುವುದಿಲ್ಲ. ತೇವ ಕುಡಿದಾಗ ಕರೆಂಟ್ ಸೋರುವ ದಾರಿಯಾಗುತ್ತದೆ.

ಎಲ್ಲ ಪ್ಲಗ್ ಕಿತ್ತು, ಆರ್‌ಸಿಸಿಬಿ ಎತ್ತಿ, ಒಂದೊಂದನ್ನೇ ಸೇರಿಸುತ್ತ ಹೋಗಿ. ವೇವ್‌ಮೇಕರ್ ಮೊದಲು, ಮೀನುಗಳಿಗೆ ಆಮ್ಲಜನಕ ಬೇಕಲ್ಲ. ಒಂದನ್ನು ಸೇರಿಸಿದ ಕೂಡಲೇ ಬಿದ್ದರೆ ಸಿಕ್ಕಿತು. ಯಾವ ಒಂದಕ್ಕೂ ಬೀಳದೆ ಎಲ್ಲ ಸೇರಿದಾಗ ಬಿದ್ದರೆ ಸಣ್ಣ ಸಣ್ಣ ಸೋರಿಕೆ ಕೂಡಿ ಮಿತಿ ಮುಟ್ಟುತ್ತಿದೆ. ಚೋಕ್, ಡ್ರೈವರ್, ಅಡಾಪ್ಟರ್ ಎಲ್ಲವನ್ನೂ ಕ್ಯಾನೊಪಿಯಿಂದ ಹೊರಗೆ ತಂದು ಗೋಡೆಗೆ ಹಾಕಿದರೆ ಬಿಸಿಯೂ ಇಳಿಯುತ್ತದೆ, ಇದೂ ನಿಲ್ಲುತ್ತದೆ. ಪ್ರತಿ ವೈರು ಸಾಕೆಟ್ಟಿಗೆ ಹೋಗುವ ಮುಂಚೆ ಒಮ್ಮೆ ಕೆಳಗೆ ಬಾಗಿ ಮೇಲೇರಲಿ, ಹನಿ ಅಲ್ಲೇ ಉದುರಲಿ. ಟ್ರಿಪ್ ಆಗುತ್ತದೆ ಅಂತ ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿಕೊಡುವ ಎಲೆಕ್ಟ್ರಿಷಿಯನ್ ಸಿಕ್ಕರೆ ಬೇರೆಯವರನ್ನು ಹುಡುಕಿ.

ಯಾರೂ ನೋಡದ ಜಾಗಗಳು

ಲೈಟ್ ಸರಿ, ಬಿಸಿ ಸರಿ, ಆದರೂ ಸೀಗಡಿ, ಶಂಖದ ಹುಳು ಒಂದೊಂದಾಗಿ ಸಾಯುತ್ತಿದ್ದರೆ ಕ್ಯಾನೊಪಿಯ ಕೀಲುಗಳನ್ನು ನೋಡಿ. ಬಡಗಿ ಹಿತ್ತಾಳೆಯ ಕೀಲು ಹಾಕಿದ್ದರೆ ಹಬೆ ಅದರ ಮೇಲೆ ಹನಿಗಟ್ಟಿ ಹಸಿರು ನೀರಾಗಿ ಟ್ಯಾಂಕಿಗೆ ಬೀಳುತ್ತದೆ. ಅದರಲ್ಲಿರುವುದು ತಾಮ್ರ. ಬೆನ್ನೆಲುಬಿಲ್ಲದ ಜೀವಿಗಳಿಗೆ ತಾಮ್ರ ತೀರಾ ಕಡಿಮೆ ಪ್ರಮಾಣದಲ್ಲೂ ವಿಷ. 316 ದರ್ಜೆಯ ಸ್ಟೀಲಿನ ಕೀಲು, ಸ್ಕ್ರೂ ಹಾಕಿಸಿ.

ಫ್ಯಾನ್ ಕೋಣೆಯ ಗಾಳಿಯನ್ನು ನೀರಿನ ಮೇಲೆ ಸುರಿಯುತ್ತದೆ ಅನ್ನುವುದನ್ನೂ ಮರೆಯಬೇಡಿ. ಆ ಗಾಳಿಯಲ್ಲಿ ಪ್ಲಗ್ಗಿಗೆ ಹಾಕುವ ಸೊಳ್ಳೆ ಔಷಧಿ ಇದ್ದರೆ ಅದೂ ಹೋಗುತ್ತದೆ. ಅವುಗಳಲ್ಲಿ ಬಳಸುವ ಪೈರೆಥ್ರಾಯ್ಡ್‌ಗಳು ಮೀನು, ಸೀಗಡಿಗಳಿಗೆ ತುಂಬ ವಿಷ. ಟ್ಯಾಂಕ್ ಇರುವ ಕೋಣೆಗೆ ಸೊಳ್ಳೆ ಪರದೆಯೇ ಸರಿ. ಅಡುಗೆಮನೆ ಪಕ್ಕದಲ್ಲಿದ್ದರೆ ಒಗ್ಗರಣೆಯ ಎಣ್ಣೆ ಹೊಗೆ ನೀರಿನ ಮೇಲೆ ಪೊರೆ ಕಟ್ಟುತ್ತದೆ, ಫ್ಯಾನಿನ ಒಳದಾರಿಯನ್ನು ಆಚೆ ಕಡೆಗೆ ತಿರುಗಿಸಿ.

ಕ್ಯಾನೊಪಿ ತಳ ಉಬ್ಬಿ ಸನ್‌ಮೈಕಾ ಎದ್ದಿದ್ದರೆ ಅದು ಎಂಡಿಎಫ್ ಇಲ್ಲವೇ ಮಾಮೂಲಿ ಪ್ಲೈವುಡ್. ಮತ್ತೆ ಮಾಡಿಸುವಾಗ ಐಎಸ್ 710 ಗುರುತಿರುವ ಮರೈನ್ ಪ್ಲೈ ಕೇಳಿ. ಕೊಯ್ದ ಅಂಚುಗಳಿಗೂ ಎಪಾಕ್ಸಿ ಬಳಿಸಿ, ನೀರು ಕುಡಿಯುವುದು ಅಂಚಿನಿಂದ.

ಫ್ಯಾನ್ ಚೆನ್ನಾಗಿ ಕೆಲಸ ಮಾಡಲು ಶುರು ಮಾಡಿದ ಮೇಲೆ ಹೊಸ ದೋಷವೊಂದು ಬರಬಹುದು: ಉಪ್ಪಿನಂಶ ಏರುವುದು. ಆವಿಯಾಗುವುದು ನೀರು ಮಾತ್ರ. 300 ಲೀಟರಿನಲ್ಲಿ ಆರು ಲೀಟರ್ ಹೋದರೆ ಸಾವಿರಕ್ಕೆ 35 ಇದ್ದ ಉಪ್ಪಿನಂಶ 35.7 ಆಗುತ್ತದೆ. ಮೂರು ದಿನ ಊರಿಗೆ ಹೋದರೆ? ಟಾಪ್ ಅಪ್‌ಗೆ ಸಿಹಿ ಆರ್‌ಒ ನೀರೇ ಹಾಕಬೇಕು. ಬೋರ್‌ವೆಲ್ ನೀರು ಬೇಡ, ಉಪ್ಪು ನೀರು ಬೇಡವೇ ಬೇಡ.

ಚಿಲ್ಲರ್ ಬೇಕೇಬೇಕಾದಾಗ

ಹೀಟರ್ ಸರಿ, ಗಾಳಿಯ ದಾರಿ ಸರಿ, ಆವಿಯ ಲೆಕ್ಕ ಸರಿ, ಆದರೂ ಸಂಜೆ 28 ದಾಟುತ್ತಿದೆ ಅಂದರೆ ಮೊದಲು ಲೈಟಿನ ಹೊತ್ತು ಬದಲಿಸಿ. ಹವಳಕ್ಕೆ ಗಡಿಯಾರ ಗೊತ್ತಿಲ್ಲ. ಮಧ್ಯಾಹ್ನ ಮೂರಕ್ಕೆ ಶುರುವಾಗಿ ರಾತ್ರಿ ಹನ್ನೊಂದಕ್ಕೆ ಆರಿದರೂ ಅದಕ್ಕೆ ಎಂಟು ಗಂಟೆ ಬೆಳಕು ಸಿಕ್ಕಿತು, ಮತ್ತು ಕೋಣೆಯ ಬಿಸಿ, ಲೈಟಿನ ಬಿಸಿ ಎರಡೂ ಒಂದೇ ಹೊತ್ತಿಗೆ ತುದಿ ಮುಟ್ಟುವುದಿಲ್ಲ. ನೀವು ಮನೆಗೆ ಬರುವ ಹೊತ್ತಿಗೆ ಟ್ಯಾಂಕೂ ಬೆಳಗಿರುತ್ತದೆ. ಅದರಿಂದಲೂ ಆಗದಿದ್ದರೆ ಚಿಲ್ಲರ್.

ಚಿಲ್ಲರನ್ನು ಸಂಪಿನ ಪಕ್ಕ, ಸ್ಟ್ಯಾಂಡಿನ ಬಾಗಿಲೊಳಗೆ ಇಡಬೇಡಿ. ಅದು ನೀರಿನಿಂದ ತೆಗೆದ ಬಿಸಿಯನ್ನು, ತಾನು ತಿಂದ ಕರೆಂಟಿನ ಬಿಸಿಯ ಜೊತೆ ಸೇರಿಸಿ, ಅಲ್ಲೇ ಉಗುಳುತ್ತದೆ. ಮುಚ್ಚಿದ ಜಾಗದಲ್ಲಿ ತನ್ನದೇ ಬಿಸಿ ಗಾಳಿ ಕುಡಿದು ಬಿಡುವಿಲ್ಲದೆ ಓಡಿ, ಕೊನೆಗೆ ತಾನೂ ಟ್ರಿಪ್ ಆಗುತ್ತದೆ. ಬಾಲ್ಕನಿಗೆ ಪೈಪ್ ಒಯ್ಯಲು ಸಾಧ್ಯವಾದರೆ ಮಳೆ, ಬಿಸಿಲು ತಾಗದ ಹಾಗೆ ಅಲ್ಲಿಡಿ. ಪೈಪಿಗೆ ಎಸಿಯವರು ಬಳಸುವ ಕಪ್ಪು ಫೋಮ್ ಸುತ್ತಿಸಿ. ಎರಡು ಬೇರೆ ಬೇರೆ ಕಂಟ್ರೋಲರುಗಳಲ್ಲಿ ಫ್ಯಾನನ್ನು 26ಕ್ಕೆ, ಚಿಲ್ಲರನ್ನು 27ಕ್ಕೆ ಇಟ್ಟರೆ ಫ್ಯಾನಿಂದ ಆಗುವಷ್ಟು ಅದರಿಂದಲೇ ಆಗಿ, ಚಿಲ್ಲರ್ ಉಳಿದದ್ದಕ್ಕೆ ಮಾತ್ರ ಏಳುತ್ತದೆ. ಹಾಗೆ ಮಾಡುವಾಗ ಫ್ಯಾನಿಗಾಗಿ ಕಡಿಮೆ ಮಾಡಿದ ಆ ಎಫ್3 ಕಾಯುವ ಸಮಯವನ್ನು ಚಿಲ್ಲರ್ ಇರುವ ಕಂಟ್ರೋಲರಿನಲ್ಲಿ ಮತ್ತೆ ಮೂರು ನಿಮಿಷಕ್ಕಾದರೂ ಏರಿಸಿ.